ನಿನ್ಸೇಯ ಧೂಪದಾನಿ: ಹಕ್ಕಿಯ ಬಾಲದಿಂದ ಶುರು ಮಾಡಿ

ಜಪಾನಿನ ಮಣ್ಣಿನ ಕೆಲಸದ ಬಗ್ಗೆ ಓದಲು ಕೂತರೆ ಮೊದಲು ಕಾಡುವುದು ಕುಂಬಾರಿಕೆಯ ಊರುಗಳ ಹೆಸರುಗಳು. ಅರಿತಾ, ಸೆತೊ, ಶಿಗರಾಕಿ, ಬಿಜೆನ್... ಎಲ್ಲ ಕಲಸಿಹೋಗುತ್ತವೆ. ನನಗೆ ದಾರಿ ಸಿಕ್ಕಿದ್ದು ಒಂದೇ ವಸ್ತುವನ್ನು ಗಟ್ಟಿಯಾಗಿ ಹಿಡಿದುಕೊಂಡಾಗ. ಅದು ಹದಿನೇಳನೇ ಶತಮಾನದ ಕ್ಯೋಟೊ ಕುಂಬಾರ ನೊನೊಮುರಾ ನಿನ್ಸೇ ಮಾಡಿದ ಫೆಸೆಂಟ್ ಹಕ್ಕಿಯ ಧೂಪದಾನಿ. ಕನಜಾವಾ ಊರಿನ ಇಶಿಕಾವಾ ಕಲಾ ಸಂಗ್ರಹಾಲಯದಲ್ಲಿದೆ. ಜಪಾನ್ ಇದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿದೆ.

ಫೆಸೆಂಟ್ ಅಂದರೆ ನಮ್ಮ ಕಾಡುಕೋಳಿಯ ಬಳಗದ, ಉದ್ದ ಬಾಲದ ಹಕ್ಕಿ. ಇಲ್ಲಿ ಅದು ಹೆಚ್ಚುಕಡಿಮೆ ನಿಜವಾದ ಹಕ್ಕಿಯಷ್ಟೇ ದೊಡ್ಡದು. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 48 ಸೆಂಟಿಮೀಟರ್, ಎತ್ತರ 18. ಕಣ್ಣಿನ ಸುತ್ತ ಕೆಂಪು, ಮೈಮೇಲೆ ಹಸಿರು, ನೀಲಿ, ಗರಿಗಳ ಅಂಚಿಗೆ ಚಿನ್ನದ ಗೆರೆ. ಬೆನ್ನಿನ ಭಾಗವೇ ಮುಚ್ಚಳ. ಅದನ್ನು ಎತ್ತಿ ಒಳಗಿನ ಬೂದಿಯಲ್ಲಿ ಕೆಂಡ ಹುದುಗಿಸಿ ಧೂಪ ಇಡುತ್ತಾರೆ. ಬೆನ್ನ ಮೇಲಿನ ತೂತುಗಳಿಂದ ಹೊಗೆ ಮೇಲೇಳುತ್ತದೆ.

ಚಿತ್ರ ನೋಡಿದವರೆಲ್ಲ ಬಣ್ಣಕ್ಕೆ ಮರುಳಾಗುತ್ತಾರೆ. ನೀವು ಮೊದಲು ಬಾಲ ನೋಡಿ. ಆಸರೆಯೇ ಇಲ್ಲದೆ ಗಾಳಿಯಲ್ಲಿ ನೇರವಾಗಿ ಚಾಚಿಕೊಂಡಿದೆ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಬೇಯುವಾಗ ಇನ್ನಷ್ಟು ಕುಗ್ಗುತ್ತದೆ. ಆವಿಗೆಯ ಕಾವು ಏರಿದಾಗ ಮೆತ್ತಗಾಗಿ ಬಾಗುತ್ತದೆ. ದಪ್ಪ ಮೈಗೆ ತೆಳು ಬಾಲ ಅಂಟಿರುವ ಕಡೆ ಬಿರುಕು ಬಿಡುವುದು ತೀರಾ ಸುಲಭ. ಹೀಗಿರುವಾಗ ಈ ಬಾಲ ಜೋತುಬೀಳದೆ ಆಚೆ ಬಂದಿದೆಯಲ್ವಾ, ನನ್ನ ಪ್ರಕಾರ ನಿನ್ಸೇಯ ದೊಡ್ಡತನ ಇರುವುದೇ ಅಲ್ಲಿ.

ಈಗ ಬಣ್ಣಕ್ಕೆ ಬರೋಣ. ಇದು ಎರಡು ಸಲ ಬೆಂದ ಕೆಲಸ. ಮೊದಲು ಗಾಜಿನಂಥ ಲೇಪ ಹಚ್ಚಿ ಸುಮಾರು 1200 ಡಿಗ್ರಿಯಲ್ಲಿ ಸುಡುತ್ತಾರೆ. ಅಷ್ಟು ಕಾವಿಗೆ ಈ ಕೆಂಪು, ಹಸಿರು ತಡೆಯುವುದಿಲ್ಲ. ಅದಕ್ಕೇ ಲೇಪದ ಮೇಲೆ ಆಮೇಲೆ ಬಣ್ಣ ಬರೆದು, 800 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಸುಡಬೇಕು. ಅರಿತಾದವರು ಹೀಗೆ ಬಣ್ಣ ಬರೆದದ್ದು ಬಿಳಿ ಪಿಂಗಾಣಿಯ ಮೇಲೆ. ನಿನ್ಸೇ ಬರೆದದ್ದು ಕ್ಯೋಟೊ ಕುಂಬಾರರ ಮೆತ್ತನೆ ಕೆನೆಬಣ್ಣದ ಮಣ್ಣಿನ ಮೇಲೆ. ಇದನ್ನೂ ಪಿಂಗಾಣಿ ಎಂದುಕೊಂಡು ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ, ಗುರುತು ಹಾಕಿಕೊಳ್ಳಿ.

ನಿನ್ಸೇ ತಂಬಾ ಸೀಮೆಯವನು, ಸೆತೊದಲ್ಲಿ ಕೆಲಸ ಕಲಿತವನು. 1640ರ ದಶಕದ ಕೊನೆಯಲ್ಲಿ ಕ್ಯೋಟೊದ ನಿನ್ನಾಜಿ ದೇವಾಲಯದ ಬಾಗಿಲ ಬಳಿ ಆವಿಗೆ ಹಾಕಿದ. ಅವನ ಮೊದಲ ಹೆಸರು ಸೇಯೆಮೊನ್. ದೇವಾಲಯದ ‘ನಿನ್’, ತನ್ನ ಹೆಸರಿನ ‘ಸೇ’ ಸೇರಿಸಿ ನಿನ್ಸೇ ಆದ. ಆ ಹೆಸರನ್ನೇ ಮುದ್ರೆ ಮಾಡಿ ತನ್ನ ಪಾತ್ರೆಗಳ ಮೇಲೆ ಒತ್ತುತ್ತಿದ್ದ. ಕುಂಬಾರನ ಹೆಸರನ್ನು ಯಾರೂ ಕೇಳದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಜಪಾನಿನ ಚಹಾಕೂಟದ ಗುರು ಕನಮೊರಿ ಸೋವಾ ಅವನಿಗೆ ದಾರಿ ತೋರಿಸಿದ. ಮುಂದೆ ಓಗಾತಾ ಕೆನ್ಜಾನ್ ಎಂಬ ಕುಂಬಾರ ಇದೇ ಕಸುಬಿನ ಗುಟ್ಟುಗಳನ್ನು ಬರಹದಲ್ಲಿ ಪಡೆದು, 1699ರಲ್ಲಿ ಕ್ಯೋಟೊದ ನರುತಾಕಿಯಲ್ಲಿ ತನ್ನ ಆವಿಗೆ ಶುರು ಮಾಡಿದ.

ಧೂಪದ ಬಗ್ಗೆಯೂ ಒಂದು ಮಾತು. ಜಪಾನಿನಲ್ಲಿ ಪರಿಮಳವನ್ನು ‘ಕೇಳುತ್ತಾರೆ’ ಎನ್ನುವ ಮಾತಿದೆ. ಅದಕ್ಕೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಬಟ್ಟಲು ಬೇರೆಯೇ ಇದೆ. ಬೂದಿಯ ಮೇಲೆ ಅಭ್ರಕದ ಬಿಲ್ಲೆ, ಅದರ ಮೇಲೆ ಚೂರು ಅಗರು; ಉರಿಸುವುದಿಲ್ಲ, ಬಿಸಿ ತಾಗಿಸುತ್ತಾರೆ ಅಷ್ಟೆ. ಈ ಹಕ್ಕಿಯಂಥ ಮುಚ್ಚಳದ ಧೂಪದಾನಿ ಇಡೀ ಕೋಣೆಗೆ ಪರಿಮಳ ಹರಡಲು. ಅಲ್ಲಿನ ಧೂಪದಲ್ಲಿ ಗಂಧವೂ ಸೇರುತ್ತದೆ. ನಮ್ಮ ಮೈಸೂರು ಸೀಮೆಯ ಗಂಧಕ್ಕೆ ಧೂಪ ಮಾಡುವವರಲ್ಲಿ ಇವತ್ತಿಗೂ ಬೆಲೆಯಿದೆ.

ಅದೇ ಸಂಗ್ರಹಾಲಯದಲ್ಲಿ ಇದರ ಜೋಡಿಯೂ ಇದೆ, ಹೆಣ್ಣು ಫೆಸೆಂಟ್. ಬಣ್ಣ ಕಡಿಮೆ, ಗರಿಗಳಿಗೆ ಹೆಚ್ಚಾಗಿ ಬೆಳ್ಳಿ. ಗಂಡು ಬಾಲ ಚಾಚಿ ನೇರ ಮುಂದೆ ನೋಡುತ್ತದೆ. ಹೆಣ್ಣು ಕತ್ತು ಹಿಂದಕ್ಕೆ ಹೊರಳಿಸಿ ತನ್ನ ಗರಿ ಸರಿಮಾಡಿಕೊಳ್ಳುತ್ತಿದೆ.