ಏರಿಯಾ ಮನಸ್ಸನ್ನ ಕೆಡಿಸುತ್ತಾ, ಇಲ್ಲ ಕಷ್ಟದಲ್ಲಿರೋರೇ ಆ ಏರಿಯಾಗೆ ಬಂದು ಸೇರ್ತಾರಾ?

ಈ ಪಾಠ ಓದೋವಾಗ ಮೇಲಿರೋ ಪ್ರಶ್ನೆ ಒಂದನ್ನ ಬಿಡ್ಬೇಡಿ, ಮಿಕ್ಕಿದ್ದೆಲ್ಲ ಅದರ ಸುತ್ತಾನೇ ಸುತ್ತುತ್ತೆ. ಬಡ ಏರಿಯಾಗಳಲ್ಲಿ ಮಾನಸಿಕ ತೊಂದರೆ ಜಾಸ್ತಿ ಕಾಣುತ್ತೆ, ಸರಿ, ಆದ್ರೆ ಅದು ಏರಿಯಾದಿಂದಾನೇ ಬಂತಾ, ಇಲ್ಲ ಹುಷಾರಿಲ್ದೆ ಕೆಲ್ಸ ಕಳ್ಕೊಂಡೋರು ಬಾಡಿಗೆ ಕಮ್ಮಿ ಅಂತ ಅಲ್ಲಿಗೆ ಹೋಗಿ ಸೇರ್ಕೊಂಡ್ರಾ?

1939ರಲ್ಲಿ ಫಾರಿಸ್ ಮತ್ತೆ ಡನ್‌ಹ್ಯಾಮ್ ಅನ್ನೋ ಸಮಾಜಶಾಸ್ತ್ರಜ್ಞರು ಷಿಕಾಗೋದಲ್ಲಿ ಮಾನಸಿಕ ಆಸ್ಪತ್ರೆಗೆ ದಾಖಲಾದೋರು ಎಲ್ಲೆಲ್ಲಿ ವಾಸ ಇದ್ರು ಅಂತ ಏರಿಯಾವಾರು ಲೆಕ್ಕ ಹಾಕಿ ತೋರಿಸಿದ್ರು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳೋದು, ಭ್ರಮೆ ಥರದ ತೀವ್ರ ಮಾನಸಿಕ ಕಾಯಿಲೆ) ಸಿಟಿ ನಡುಮಧ್ಯದಲ್ಲಿ ಜಾಸ್ತಿ, ಹೊರವಲಯಕ್ಕೆ ಹೋದಷ್ಟೂ ಕಮ್ಮಿ. ಮ್ಯಾನಿಕ್ ಡಿಪ್ರೆಷನ್‌ಗೆ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ವಿಪರೀತ ಕುಗ್ಗೋ ಕಾಯಿಲೆ) ಮಾತ್ರ ಆ ಥರ ಪ್ಯಾಟರ್ನ್ ಸಿಗ್ಲಿಲ್ಲ. ಒಂಟಿತನ, ಯಾರಿಗೆ ಯಾರೂ ಗೊತ್ತಿಲ್ಲದ ಜೀವನ ಇದಕ್ಕೆ ಕಾರಣ ಅಂತ ಅವರ ವಾದ. ಕಾಯಿಲೆ ಬಂದ್ಮೇಲೆ ಜನ ಅಲ್ಲಿಗೆ ಜಾರ್ಕೊಂಡು ಬಂದಿದ್ದಾರೆ ಅನ್ನೋದು ಎದುರಿನವರ ವಾದ. ಬರೀ ಮ್ಯಾಪ್ ಇಟ್ಕೊಂಡು ಇದನ್ನ ತೀರ್ಮಾನ ಮಾಡಕ್ಕಾಗಲ್ಲ. ನಮ್ಮ ನಿಮ್ಹಾನ್ಸ್‌ನೋರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸರ್ವೆಯಲ್ಲೂ ಮೆಟ್ರೋ ಸಿಟಿಗಳಲ್ಲಿ ಮಾನಸಿಕ ತೊಂದರೆಯ ಪ್ರಮಾಣ ಹಳ್ಳಿಗಳದ್ದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬಂತು, ಅದನ್ನೂ ಇಷ್ಟೇ ಹುಷಾರಾಗಿ ಓದ್ಬೇಕು.

ಅದಕ್ಕೇ ಲಾಟರಿ ಬೇಕಾಗೋದು: ಯಾರಿಗೆ ಏನು ಸಿಗುತ್ತೆ ಅಂತ ಚೀಟಿ ಎತ್ತಿ ತೀರ್ಮಾನ ಮಾಡಿದ್ರೆ, ಕಷ್ಟದಲ್ಲಿರೋರೇ ಒಂದು ಕಡೆ ಸೇರ್ಕೊಂಡ್ರು ಅನ್ನೋಕಾಗಲ್ಲ. 1994ರಿಂದ 1998ರವರೆಗೆ ಅಮೆರಿಕದ ಐದು ಸಿಟಿಗಳಲ್ಲಿ ಸರ್ಕಾರಿ ವಸತಿಯಲ್ಲಿದ್ದ ಸುಮಾರು 4,600 ಕುಟುಂಬಗಳನ್ನ ಲಾಟರಿ ಹಾಕಿ ಮೂರು ಗುಂಪು ಮಾಡಿದ್ರು, ಅದರಲ್ಲಿ ಒಂದು ಗುಂಪಿಗೆ ಬಡತನ 10%ಗಿಂತ ಕಮ್ಮಿ ಇರೋ ಏರಿಯಾದಲ್ಲಿ ಮಾತ್ರ ನಡೆಯೋ ಬಾಡಿಗೆ ವೋಚರ್ (ಬಾಡಿಗೆ ಕಟ್ಟೋಕೆ ಸರ್ಕಾರದ ಸಹಾಯದ ಚೀಟಿ) ಕೊಟ್ರು. ಇದೇ ಮೂವಿಂಗ್ ಟು ಆಪರ್ಚುನಿಟಿ ಅನ್ನೋ ಪ್ರಯೋಗ. 10-15 ವರ್ಷ ಆದ್ಮೇಲೆ ನೋಡಿದ್ರೆ ದೊಡ್ಡೋರ ಸಂಪಾದನೆ ಹಂಗೇ ಇದೆ, ಮಾನಸಿಕ ಆರೋಗ್ಯ ಮಾತ್ರ ಸುಧಾರಿಸಿದೆ. ಅಂದ್ರೆ ದುಡ್ಡು ಬದಲಾಗದೇ ಇದ್ರೂ ಏರಿಯಾ ಬದಲಾದ್ರೆ ಮನಸ್ಸಿಗೆ ಏನೋ ಆಗುತ್ತೆ. ಆದ್ರೆ ಮಕ್ಕಳ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಒಳ್ಳೇದಾಯ್ತು, ಗಂಡುಮಕ್ಕಳಲ್ಲಿ ಡಿಪ್ರೆಷನ್ ಮತ್ತೆ ಪಿಟಿಎಸ್‌ಡಿ (ದೊಡ್ಡ ಆಘಾತ ಆದ್ಮೇಲೂ ಮನಸ್ಸಲ್ಲಿ ಉಳಿದು ಕಾಡೋ ತೊಂದರೆ) ಜಾಸ್ತಿಯಾಯ್ತು. ಈ ಎರಡನೇ ಅರ್ಧ ತುಂಬಾ ಜನ ಬರೆಯೋದೇ ಇಲ್ಲ, ನನಗೆ ಅದು ತಪ್ಪು ಅನ್ಸುತ್ತೆ, ಜನರನ್ನ ಕಿತ್ತು ಬೇರೆ ಕಡೆ ಇಡೋದು ಸುಲಭದ ಮದ್ದಲ್ಲ ಅಂತ ತೋರ್ಸೋದೇ ಅದು.

ಹಾಗಾದ್ರೆ ಜನ ಇದ್ದಲ್ಲೇ ಇರ್ಲಿ, ಜಾಗಾನೇ ಬದಲಾಯಿಸಿದ್ರೆ? ಫಿಲಡೆಲ್ಫಿಯಾದಲ್ಲಿ ಇದನ್ನೇ ಮಾಡಿದ್ದು, ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದೂ ಇದೇ. ಕಸ, ಹಳೇ ಟೈರು, ಎತ್ತರ ಬೆಳೆದ ಕಳೆ ತುಂಬಿದ್ದ 541 ಖಾಲಿ ಸೈಟ್‌ಗಳನ್ನ ಆರಿಸಿ, ಕೆಲವನ್ನ ಹಸಿರು ಮಾಡಿದ್ರು, ಕೆಲವನ್ನ ಬರೀ ಕ್ಲೀನ್ ಮಾಡಿದ್ರು, ಕೆಲವನ್ನ ಮುಟ್ಟಲೇ ಇಲ್ಲ, ಯಾವುದಕ್ಕೆ ಯಾವುದು ಅನ್ನೋದೂ ಲಾಟರಿ ಥರಾನೇ. ಹಸಿರು ಅಂದ್ರೆ ದೊಡ್ಡ ಪಾರ್ಕ್ ಅಂದ್ಕೋಬೇಡಿ: ಕಸ ತೆಗೆದು, ನೆಲ ಮಟ್ಟ ಮಾಡಿ, ಹುಲ್ಲು ಹಾಕಿ, ನಾಲ್ಕಾರು ಗಿಡ ನೆಟ್ಟು, ಸುತ್ತ ಗಿಡ್ಡನೆ ಮರದ ಬೇಲಿ, ತಿಂಗಳಿಗೊಮ್ಮೆ ಬಂದು ನೋಡ್ಕೊಳ್ಳೋದು, ಅಷ್ಟೇ. ಒಂದು ಸೈಟಿಗೆ ಸುಮಾರು 1,600 ಡಾಲರ್ ಖರ್ಚು. ಅಕ್ಕಪಕ್ಕದ 342 ಜನರನ್ನ ಮೊದಲೂ ಆಮೇಲೂ ಮಾತಾಡ್ಸಿದ್ರು. 2018ರಲ್ಲಿ ಬಂದ ಫಲಿತಾಂಶ ಏನಂದ್ರೆ, ಮುಟ್ಟದೇ ಬಿಟ್ಟ ಸೈಟ್‌ಗಳ ಹತ್ರ ಇರೋರಿಗೆ ಹೋಲಿಸಿದ್ರೆ ಹಸಿರು ಸೈಟ್ ಹತ್ರ ಇರೋರಲ್ಲಿ 'ಮನಸ್ಸು ಕುಗ್ಗಿದೆ' ಅನ್ನೋದು 41.5% ಇಳೀತು, ಬಡ ಏರಿಯಾಗಳಲ್ಲಿ ಇನ್ನೂ ಜಾಸ್ತಿ. ಬರೀ ಕ್ಲೀನ್ ಮಾಡಿದ ಕಡೆ ಹೇಳ್ಕೊಳ್ಳೋಂಥ ಬದಲಾವಣೆ ಇಲ್ಲ, ಅಲ್ಲೂ ಪ್ರತಿ ತಿಂಗಳು ಬಂದು ಕಸ ತೆಗೀತಿದ್ರು, ಆದ್ರೂ. ಕಸ ಹೋದ್ರೆ ಅಸಹ್ಯ ಹೋಗುತ್ತೆ, ಆದ್ರೆ ಹೊರಗೆ ಬಂದು ನಿಂತು ನೆರೆಯೋರ ಜೊತೆ ಮಾತಾಡೋಣ ಅನ್ನೋ ಆಸೆ ಹುಲ್ಲು, ನೆರಳು ಇದ್ರೇನೆ ಬರೋದು ಅಂತ ನಾನು ಅರ್ಥ ಮಾಡ್ಕೊಂಡಿರೋದು. ಇದೇ ಪ್ರಯೋಗದಲ್ಲಿ ಜನರ ಭಯ ಕಮ್ಮಿಯಾಗಿ ಹೊರಗಿನ ಜಾಗ ಬಳಸೋದು ಜಾಸ್ತಿಯಾಗಿದ್ದೂ ಇದಕ್ಕೆ ಹೊಂದುತ್ತೆ.

ಪರೀಕ್ಷೇಲಿ ಈ 41.5 ಬರೆಯೋರು 'ಡಿಪ್ರೆಷನ್ ಕಾಯಿಲೆ ಇಷ್ಟು ವಾಸಿಯಾಯ್ತು' ಅಂತ ಮಾತ್ರ ಬರೀಬೇಡಿ. ಅಲ್ಲಿ ಡಾಕ್ಟರ್ ಯಾರನ್ನೂ ಪರೀಕ್ಷೆ ಮಾಡಿಲ್ಲ, ಕೆ-6 ಅನ್ನೋ ಆರು ಪ್ರಶ್ನೆಗಳ ಪಟ್ಟಿಯಲ್ಲಿ ಜನ ತಮಗೆ ಹೇಗನ್ಸುತ್ತೆ ಅಂತ ತಾವೇ ಹೇಳಿದ್ದು.