ದೊಡ್ಡ ವರ್ಕ್‌ಶಾಪಿಗೆ ದೀಪ ಎಷ್ಟು, ಎಲ್ಲಿ?

ಎಷ್ಟು ದೀಪ ಬೇಕು ಅನ್ನೋದನ್ನು ಸೂತ್ರವೇ ಹೇಳಿಬಿಡುತ್ತದೆ. ಎಲ್ಲಿ ಹಾಕಬೇಕು ಅನ್ನೋದೇ ತಲೆನೋವು. ಮೊದಲು ಲೆಕ್ಕ ಮುಗಿಸೋಣ.

40 ಮೀಟರ್ ಉದ್ದ, 20 ಮೀಟರ್ ಅಗಲದ ಶೆಡ್ ಅಂತಿಟ್ಟುಕೊಳ್ಳಿ. ಸಾಮಾನ್ಯ ಲೇತ್, ಮಿಲ್ಲಿಂಗ್ ಕೆಲಸಕ್ಕೆ 300 ಲಕ್ಸ್ ಹಿಡಿಯಬಹುದು. ನಾಜೂಕಿನ ಕೆಲಸವಾದರೆ 500. ದೀಪ ಕೊಡುವ ಬೆಳಕನ್ನು ಅಳೆಯೋದು ಲೂಮೆನ್ನಿನಲ್ಲಿ. ಒಂದು ಚದರ ಮೀಟರಿಗೆ ಒಂದು ಲೂಮೆನ್ ಬಿದ್ದರೆ ಅದೇ ಒಂದು ಲಕ್ಸ್. ಅಂದರೆ 800 ಚದರ ಮೀಟರಿಗೆ 2,40,000 ಲೂಮೆನ್ ತಲುಪಬೇಕು.

ಆದರೆ ದೀಪದಿಂದ ಹೊರಟದ್ದೆಲ್ಲ ತಲುಪಲ್ಲ. ಒಂದಿಷ್ಟನ್ನು ಗೋಡೆ, ಚಾವಣಿ ನುಂಗುತ್ತವೆ. ಉಳಿದು ಕೆಳಗೆ ತಲುಪುವ ಪಾಲೇ ಯುಟಿಲೈಸೇಶನ್ ಫ್ಯಾಕ್ಟರ್. ದೀಪ ಹಳತಾಗುತ್ತದೆ, ಮೇಲೆ ಧೂಳು ಕೂರುತ್ತದೆ. ಅದಕ್ಕೆ ಮೇಂಟೆನೆನ್ಸ್ ಫ್ಯಾಕ್ಟರ್. ಕ್ರೇನಿಗಿಂತ ಮೇಲೆ ತೂಗುವ ಫಿಟ್ಟಿಂಗನ್ನು ಯಾರು ಹತ್ತಿ ಒರೆಸುತ್ತಾರೆ? ಅದಕ್ಕೇ ಇಲ್ಲಿ ಧಾರಾಳತನ ಬೇಡ, 0.7 ಇಡಿ.

ಯುಟಿಲೈಸೇಶನ್ ಫ್ಯಾಕ್ಟರನ್ನು ಫಿಟ್ಟಿಂಗ್ ತಯಾರಕರ ಕೋಷ್ಟಕದಲ್ಲಿ ನೋಡಬೇಕು. ನೋಡೋಕೆ ರೂಮ್ ಇಂಡೆಕ್ಸ್ ಬೇಕು: ಉದ್ದ × ಅಗಲ ÷ (ಎತ್ತರ × (ಉದ್ದ + ಅಗಲ)). ನಾನು ಮೊದಲ ಸಲ ಎಡವಿದ್ದು ಇಲ್ಲೇ. ಈ ಎತ್ತರ ನೆಲದಿಂದ ಅಲ್ಲ, ಕೆಲಸ ನಡೆಯುವ ಮಟ್ಟದಿಂದ, ಅಂದರೆ ಬೆಂಚಿನಿಂದ ದೀಪಕ್ಕೆ. ಅದು 6 ಮೀಟರ್ ಆದರೆ 800 ÷ 360, ಸುಮಾರು 2.2. ಕೋಷ್ಟಕದಲ್ಲಿ 0.7 ಸಿಕ್ಕಿತು ಅನ್ನಿ. 20,000 ಲೂಮೆನ್ನಿನ ಒಂದು ಹೈಬೇ (ಎತ್ತರದ ಚಾವಣಿಗೆ ತೂಗುವ) ದೀಪದಿಂದ ಕೆಳಗೆ ಸಿಗೋದು 20,000 × 0.7 × 0.7 = 9,800. 2,40,000ವನ್ನು ಅದರಿಂದ ಭಾಗಿಸಿದರೆ 24.5.

ಹಾಗಂತ 25 ದೀಪ ತಂದರೆ ಸಾಲು ಸರಿಯಾಗಿ ಕೂರಲ್ಲ. 4 ಸಾಲು, ಸಾಲಿಗೆ 7, ಒಟ್ಟು 28 ಮಾಡಿ. ಅಗಲಕ್ಕೆ 5 ಮೀಟರ್, ಉದ್ದಕ್ಕೆ 5.7 ಮೀಟರ್ ಅಂತರ ಬರುತ್ತದೆ. ಗೋಡೆಯಿಂದ ಮೊದಲ ದೀಪಕ್ಕೆ ಅದರ ಅರ್ಧ ಬಿಡಿ. ಜಾಸ್ತಿ ಬಿಟ್ಟರೆ ಗೋಡೆ ಪಕ್ಕದ ಬೆಂಚು ಕತ್ತಲಲ್ಲಿ ಉಳಿಯುತ್ತದೆ. ಆಮೇಲೆ ನಕ್ಷೆಯ ಮೇಲೆ ಯಂತ್ರಗಳನ್ನೂ ಬರೆದು ನೋಡಿ. ದೀಪ ಕೆಲಸಗಾರನ ಬೆನ್ನ ಹಿಂದೆ ಬಂದರೆ ಅವನ ನೆರಳು ಅವನ ಕೆಲಸದ ಮೇಲೇ ಬೀಳುತ್ತದೆ, ಅಲ್ವಾ? ಅಂಥ ಕಡೆ ಯಂತ್ರಕ್ಕೇ ಒಂದು ಚಿಕ್ಕ ದೀಪ ಕೊಡಬೇಕು. ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ ಇದ್ದರೆ ಹಗಲು ಆರಿಸಬಹುದು.

ಇನ್ನು ಅಪಾಯದ ವಿಷಯ. 50 ಹರ್ಟ್ಜ್ ಕರೆಂಟಿನಲ್ಲಿ ಹಳೇ ಚೋಕಿನ ದೀಪ, ಕಳಪೆ ಡ್ರೈವರಿನ (ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟ್) ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗಿಸುವ ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ 25 ಸುತ್ತು. ಪ್ರತಿ ಮಿನುಗಿಗೂ ಸರಿಯಾಗಿ ಕಾಲು ಸುತ್ತು. ಒಂದು ದವಡೆ ಇದ್ದ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ಕಣ್ಣಿಗೆ ಚಕ್ ನಿಂತೇಬಿಟ್ಟ ಹಾಗೆ! ಕೈ ಹಾಕಿದರೆ ಮುಗೀತು.

ಒಳ್ಳೇ ಡ್ರೈವರಿನ ದೀಪ ಕೊಂಡರೆ ಅರ್ಧ ಚಿಂತೆ ಹೋಗುತ್ತದೆ. ಜೊತೆಗೆ ಅಕ್ಕಪಕ್ಕದ ದೀಪಗಳಿಗೆ ಬೇರೆ ಬೇರೆ ಫೇಸ್ ಕೊಡಿ. ಒಂದು ಮಂಕಾಗುವ ಹೊತ್ತಿಗೆ ಪಕ್ಕದ್ದು ಬೆಳಗಿರುತ್ತದೆ. ನಮ್ಮ ನಕ್ಷೆಯಲ್ಲಿ ಮೂರು ಫೇಸಿಗೆ ಆರ್, ವೈ, ಬಿ ಅಂತ ಬರೆದುಕೊಂಡು ಹೋದರೆ ಮೊದಲ ಸಾಲು ಆರ್‌ಗೆ ಮುಗಿಯುತ್ತದೆ. ಎರಡನೇ ಸಾಲನ್ನು ಮತ್ತೆ ಎಡದಿಂದಲೇ, ವೈ ಹಾಕಿ ಶುರು ಮಾಡಿ. ಹಿಂದೆಮುಂದೆ ಇರುವ ದೀಪಗಳ ಫೇಸೂ ತಾನಾಗೇ ಬೇರೆಯಾಗುತ್ತದೆ.