ಬಂಡೂರು ಕುರಿಯ ತಾಯಿಬೇರು ಎಲ್ಲಿಯದು?

ಬಂಡೂರು ಕುರಿ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಮಾಂಸದ ರುಚಿ. ಮಳವಳ್ಳಿ, ಬನ್ನೂರು ಕಡೆಯ ಈ ಗಿಡ್ಡ ಕಾಲಿನ, ಅಗಲ ಬೆನ್ನಿನ ಕುರಿಗೆ ಸಂತೆಯಲ್ಲಿ ಬೆಲೆ ಸಿಗುವುದೂ ಅದರಿಂದಲೇ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಾತ್ರ ಈ ಕುರಿಯ ಬಗ್ಗೆ ಬೇರೆಯದೇ ಸಂಗತಿ ಹೇಳಿತು. ದಖ್ಖನಿ, ಬಂಗಾಳದ ಗಾರೋಲ್ ಮತ್ತು ನಮ್ಮ ಬನ್ನೂರು (ಬಂಡೂರು ಕುರಿಯ ಇನ್ನೊಂದು ಹೆಸರು) ತಳಿಗಳ 73 ಕುರಿಗಳ ತಾಯಿ ಕಡೆಯ ಡಿಎನ್‌ಎ ಓದಿ ನೋಡಿದಾಗ ಅತಿ ಹೆಚ್ಚು ವೈವಿಧ್ಯ ಕಂಡದ್ದು ಬನ್ನೂರು ತಳಿಯಲ್ಲಿ. ಒಟ್ಟು 52 ಬಗೆಯ ಡಿಎನ್‌ಎ ಮಾದರಿಗಳು ಸಿಕ್ಕವು. ಅವುಗಳಲ್ಲಿ ಒಂದೂ ಎರಡು ತಳಿಗಳಿಗೆ ಸಾಮಾನ್ಯವಾಗಿರಲಿಲ್ಲ.

ಈ ಫಲಿತಾಂಶದ ಮಹತ್ವ ತಿಳಿಯಬೇಕಾದರೆ ತಾಯಿ ಕಡೆಯ ಡಿಎನ್‌ಎ ಏನೆಂದು ತಿಳಿದಿರಬೇಕು. ಜೀವಕೋಶದ ನಡುವಿನ ಕೋಶಕೇಂದ್ರದಲ್ಲಿರುವ ಡಿಎನ್‌ಎ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಅದರ ಹೊರಗೆ, ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗಗಳಲ್ಲಿ ಇನ್ನೊಂದು ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಮರಿಗೆ ದಾಟುತ್ತದೆ. ಟಗರುಮರಿಗೂ ಅದು ತಾಯಿಯಿಂದ ಬಂದೇ ಇರುತ್ತದೆ, ಆದರೆ ಟಗರು ಅದನ್ನು ಮುಂದಕ್ಕೆ ಕೊಡುವುದಿಲ್ಲ. ಕುರಿಯಲ್ಲಿ ಇದರ ಉದ್ದ ಸುಮಾರು 16,600 ಅಕ್ಷರ. 1998ರಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರು. ಸಾವಿರಾರು ವರ್ಷಗಳಲ್ಲಿ ಈ ಅಕ್ಷರಗಳಲ್ಲಿ ಅಲ್ಲೊಂದು ಇಲ್ಲೊಂದು ಬದಲಾಗಿರುತ್ತದೆ. ಆ ಬದಲಾವಣೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ತಾಯಂದಿರ ವಂಶವೃಕ್ಷ ಸಿಗುತ್ತದೆ.

ಅದಕ್ಕೂ ಮುಂಚೆ ಕುರಿಯ ಮೂಲದ ಬಗ್ಗೆ ಇದ್ದದ್ದು ಊಹೆ. ಯುರೋಪಿನ ಕುರಿ ಮೂಫ್ಲಾನ್ ಎಂಬ ಕಾಡುಕುರಿಯಿಂದ, ಏಷ್ಯಾದ ಕುರಿ ಯೂರಿಯಲ್‌ನಿಂದ, ಮಧ್ಯ ಏಷ್ಯಾದ್ದು ದೊಡ್ಡ ಕೊಂಬಿನ ಅರ್ಗಾಲಿಯಿಂದ ಬಂದಿರಬೇಕು ಎಂದು ಹಲವರು ನಂಬಿದ್ದರು. ವರ್ಣತಂತುಗಳ, ಅಂದರೆ ಕೋಶಕೇಂದ್ರದಲ್ಲಿ ಡಿಎನ್‌ಎ ಹೊತ್ತ ಎಳೆಗಳ, ಲೆಕ್ಕ ಈ ನಂಬಿಕೆಯನ್ನು ಸಡಿಲಿಸಿತು: ಸಾಕುಕುರಿಗೂ ಮೂಫ್ಲಾನಿಗೂ 54, ಅರ್ಗಾಲಿಗೆ 56, ಯೂರಿಯಲ್‌ಗೆ 58. 1998ರ ಹೊತ್ತಿಗೆ ತಾಯಿ ಕಡೆಯ ಡಿಎನ್‌ಎಯಲ್ಲೂ ಯೂರಿಯಲ್, ಅರ್ಗಾಲಿಗಳ ಗುರುತು ಸಿಗಲಿಲ್ಲ. ಸಿಕ್ಕದ್ದು ಎರಡು ಕವಲು. ಏಷ್ಯಾದಲ್ಲಿ ಹೆಚ್ಚಾಗಿರುವುದನ್ನು ಎ ಎಂದೂ ಯುರೋಪಿನಲ್ಲಿ ಹೆಚ್ಚಾಗಿರುವುದನ್ನು ಬಿ ಎಂದೂ ಕರೆದರು. ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ಮೂಫ್ಲಾನ್ ಕೂಡ ಬಿ ಕವಲಿಗೇ ಸೇರಿತು. ಅವು ಕುರಿಯ ಪೂರ್ವಜರಲ್ಲ. ಆದಿಯಲ್ಲಿ ರೈತರು ಹಡಗಿನಲ್ಲಿ ಒಯ್ದ ಸಾಕುಕುರಿಗಳೇ ಕಾಡು ಸೇರಿ ಆ ದ್ವೀಪಗಳ ಮೂಫ್ಲಾನ್ ಆಗಿವೆ.

ಆಮೇಲೆ ಕವಲುಗಳು ಬೇಗ ಬೇಗ ಹೆಚ್ಚಿದವು. 2005ರಲ್ಲಿ ಚೀನಾ ಮತ್ತು ಟರ್ಕಿಯ ಕುರಿಗಳಲ್ಲಿ ಸಿ, 2006ರಲ್ಲಿ ಕಾಕಸಸ್‌ನ ಕುರಿಯಲ್ಲಿ ಡಿ, 2007ರಲ್ಲಿ ಟರ್ಕಿ, ಇಸ್ರೇಲ್ ಕಡೆಯ ಕುರಿಗಳಲ್ಲಿ ಇ. ಹಾಗಾದರೆ ಮನುಷ್ಯ ಐದು ಕಡೆ, ಐದು ಸಲ ಕುರಿ ಪಳಗಿಸಿದನೇ? ಹಾಗೆ ಹೇಳಲಾಗದು. ಈ ಕವಲುಗಳು ಒಂದರಿಂದೊಂದು ಬೇರೆಯಾದದ್ದು ಲಕ್ಷಾಂತರ ವರ್ಷಗಳ ಹಿಂದೆ, ಕಾಡುಕುರಿಗಳಲ್ಲೇ. ಪಳಗಿಸಿದ್ದು ಹತ್ತು ಹನ್ನೊಂದು ಸಾವಿರ ವರ್ಷಗಳ ಈಚೆಗೆ. ಟರ್ಕಿಯ ಆಶಿಕ್ಲಿ ಹೊಯುಕ್ ಎಂಬಲ್ಲಿ ಮನೆಗಳ ನಡುವೆಯೇ ಕುರಿ ಕಟ್ಟಿಕೊಂಡಿದ್ದರೆಂಬುದಕ್ಕೆ ಸುಮಾರು 10,400 ವರ್ಷ ಹಳೆಯ ಹಿಕ್ಕೆಯ ಪದರಗಳೇ ಸಾಕ್ಷಿ. ಒಂದೇ ಸೀಮೆಯ ಬೆಟ್ಟಗಳಲ್ಲಿ ಹಲವು ಕವಲಿನ ಕಾಡುಕುರಿಗಳು ಮೇಯುತ್ತಿದ್ದರೆ, ಹಿಡಿದು ತಂದ ಹಿಂಡಿನಲ್ಲೂ ಹಲವು ಕವಲುಗಳಿರುತ್ತವೆ. ಐದು ಕವಲೂ ಟರ್ಕಿ, ಕಾಕಸಸ್ ಸುತ್ತಮುತ್ತ ಸಿಗುವುದು ಇದಕ್ಕೇ ಹೊಂದುತ್ತದೆ.

ಈಗ ಭಾರತದ ಪ್ರಶ್ನೆ. 2007ರ ಅಧ್ಯಯನದ ಮಾದರಿಗಳಲ್ಲಿ ಹೆಚ್ಚಿನವು ಎ ಕವಲಿನವು. 2013ರಲ್ಲಿ 12 ತಳಿಗಳ 330 ಕುರಿಗಳನ್ನು ಪರೀಕ್ಷಿಸಿದಾಗ ಬಿ ಮತ್ತು ಸಿ ಕೂಡ ಸಿಕ್ಕವು. ಎ ಕವಲಿನ ವೈವಿಧ್ಯ ಮಾತ್ರ ಜಗತ್ತಿನ ಬೇರೆಡೆಗಿಂತ ಇಲ್ಲೇ ಹೆಚ್ಚು, ಅದರ ಎಷ್ಟೋ ಮಾದರಿಗಳು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇದನ್ನು ಆಧರಿಸಿ ಆ ಸಂಶೋಧಕರು, ಎ ಕವಲಿನ ಕುರಿಯನ್ನು ಭಾರತ ಉಪಖಂಡದಲ್ಲೂ ಪಳಗಿಸಿರಬಹುದು, ಬಿ ಕವಲು ಸಮುದ್ರ ವ್ಯಾಪಾರದ ದಾರಿಯಲ್ಲಿ ಬಂದಿರಬಹುದು ಎಂದು ವಾದಿಸಿದರು.

ಮನಸ್ಸಿಗೆ ಹಿತವಾದ ವಾದ. ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪಳಗಿಸಲು ಮೊದಲು ಕಾಡುಕುರಿ ಬೇಕು. ಉಪಖಂಡದ ವಾಯವ್ಯದಲ್ಲಿರುವುದು 58 ವರ್ಣತಂತುಗಳ ಯೂರಿಯಲ್. ದಕ್ಷಿಣ ಭಾರತದಲ್ಲಿ ಕಾಡುಕುರಿಯೇ ಇಲ್ಲ, ನೀಲಗಿರಿಯ ಥಾರ್ ಎಂಬ ಬೆಟ್ಟದ ಪ್ರಾಣಿ ಕುರಿಯ ಜಾತಿಯದಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸುಮಾರು 9,000 ವರ್ಷಗಳ ಹಿಂದಿನಿಂದ ಕುರಿಯ ಎಲುಬು ಬರಬರುತ್ತಾ ಚಿಕ್ಕದಾಗುತ್ತಾ ಹೋದದ್ದು ನಿಜ, ಅದು ಸಾಕಣೆಯ ಗುರುತೇ. ಆದರೆ ಪಶ್ಚಿಮದಿಂದ ತಂದ ಕುರಿಯನ್ನು ಸಾಕಿದರೂ ಅದೇ ಗುರುತು ಸಿಗುತ್ತದೆ. ಹಿಂಡು ಹಿಂಡಾಗಿ ಹಲವು ಸಲ ಬಂದ ಕುರಿಗಳು ಸಾವಿರಾರು ವರ್ಷ ಇಲ್ಲೇ ಬೆಳೆದರೂ ವೈವಿಧ್ಯ ಹುಟ್ಟಬಲ್ಲದು.

ಆ ವೈವಿಧ್ಯ ಉಳಿದದ್ದು ಹೇಗೆಂಬುದು ನನ್ನನ್ನು ಹೆಚ್ಚು ಸೆಳೆಯುತ್ತದೆ. 2007ರ ಸಂಶೋಧಕರು ಕಾರಣವನ್ನು ಕುರಿ ಸಾಕುವವರ ರೂಢಿಯಲ್ಲಿ ಕಂಡರು: ಒಂದು ತಳಿಯನ್ನು ಇನ್ನೊಂದರ ಜೊತೆ ಬೆರಸುವುದು ಕಡಿಮೆ. ಹಿಂಡಿನ ಲೆಕ್ಕಾಚಾರವೂ ಹಾಗೇ ಇದೆ. ಗಂಡುಮರಿ ಮಾಂಸಕ್ಕೆ ಹೋಗುತ್ತದೆ, ಬೀಜಕ್ಕೆಂದು ಒಂದೆರಡು ಟಗರು ಉಳಿಯುತ್ತವೆ, ಹೆಣ್ಣುಕುರಿ ಹಟ್ಟಿಯಲ್ಲೇ ಮರಿ ಹಾಕುತ್ತಾ ಇರುತ್ತದೆ. ಕುರುಬರ ಹಟ್ಟಿಗಳಲ್ಲಿ ತಲೆಮಾರುಗಳಿಂದ ಉಳಿದು ಬಂದದ್ದು ಈ ತಾಯಂದಿರ ಸಾಲು. ತಳಿ ಕಾಪಾಡಿದ ಕೀರ್ತಿ ಪ್ರಯೋಗಾಲಯಗಳಿಗಿಂತ ಮೊದಲು ಅವರಿಗೆ ಸಲ್ಲಬೇಕು.

ತಾಯಿ ಕಡೆಯ ಡಿಎನ್‌ಎ ಒಂದನ್ನೇ ನಂಬಿ ಕೂರುವುದೂ ಅಪಾಯ. ಗಾರೋಲ್ ಕುರಿ ಅವಳಿ, ತ್ರಿವಳಿ ಮರಿ ಹಾಕಲು ಕಾರಣವಾದ ವಂಶವಾಹಿ ಇರುವುದು ಕೋಶಕೇಂದ್ರದಲ್ಲಿ. ತಾಯಿಯ ಕವಲು ನೋಡಿದರೆ ಅದರ ಸುಳಿವೂ ಸಿಗದು. ಇದಕ್ಕಿಂತ ಗಂಭೀರವಾದದ್ದು ದಖ್ಖನಿಯ ಸ್ಥಿತಿ. ಕಂಬಳಿಗೆ ಬೇಡಿಕೆ ಕುಸಿದು ಕರಿ ಉಣ್ಣೆಗೆ ಬೆಲೆ ಇಲ್ಲದಾದಾಗ ಎಷ್ಟೋ ಕುರಿಗಾರರು ದಖ್ಖನಿ ಹಿಂಡಿಗೆ ಉಣ್ಣೆ ಇಲ್ಲದ ಮಾಂಸದ ತಳಿಯ ಟಗರು ಬಿಟ್ಟರು. ಹೊಟ್ಟೆಪಾಡಿಗೆ ಮಾಡಿದ್ದನ್ನು ತಪ್ಪೆನ್ನಲಾಗದು. ಆದರೆ ಹೀಗೆ ನಾಲ್ಕೈದು ತಲೆಮಾರು ನಡೆದರೆ ಹುಟ್ಟುವ ಕುರಿಯಲ್ಲಿ ದಖ್ಖನಿಯ ಉಣ್ಣೆ, ಬರ ತಾಳುವ ಗುಣ ಎಲ್ಲ ಕರಗುತ್ತದೆ, ಮೈಟೊಕಾಂಡ್ರಿಯಾ ಮಾತ್ರ ಈಗಲೂ ‘ದಖ್ಖನಿ’ ಎಂದೇ ಹೇಳುತ್ತದೆ. ಆದ್ದರಿಂದ ಟಗರಿನ ಕಡೆಯ ವೈ ವರ್ಣತಂತುವನ್ನೂ ಇಡೀ ಜೀನೋಮನ್ನೂ (ಕುರಿಯ ಎಲ್ಲ ಡಿಎನ್‌ಎಯನ್ನೂ) ಜೊತೆಗೆ ಓದಲೇಬೇಕು.

ಮೂಲದ ಪ್ರಶ್ನೆ ಬಗೆಹರಿಸಲು ಹಳೆಯ ಎಲುಬೇ ಬೇಕು. ಬಳ್ಳಾರಿ ಸೀಮೆಯ ಕುಡತಿನಿ, ಸಂಗನಕಲ್ಲು, ಅತ್ತ ಬೂದಿಹಾಳದಂಥ ನವಶಿಲಾಯುಗದ ನೆಲೆಗಳಲ್ಲಿ ಬದುಕಿದವರು ಮುಖ್ಯವಾಗಿ ದನ ಸಾಕಿದವರು, ಜೊತೆಗೆ ಕುರಿ ಆಡುಗಳನ್ನೂ. ನಮ್ಮ ಸೆಕೆಯಲ್ಲಿ ಡಿಎನ್‌ಎ ಬೇಗ ಕೆಡುತ್ತದೆ. ಆದರೂ ಹರಿಯಾಣದ ರಾಖಿಗಢಿಯಲ್ಲಿ ಹರಪ್ಪ ಕಾಲದ ಒಬ್ಬ ಹೆಂಗಸಿನ ಅಸ್ಥಿಯಿಂದ ಸಿಕ್ಕ ಜೀನೋಮ್ 2019ರಲ್ಲಿ ಪ್ರಕಟವಾಯಿತು, ಕಿವಿಯ ಒಳಭಾಗದ ಗಟ್ಟಿ ಎಲುಬಿನಲ್ಲಿ ಡಿಎನ್‌ಎ ಉಳಿದಿತ್ತು. ನಮ್ಮ ಈ ನೆಲೆಗಳ ಬೂದಿದಿಬ್ಬಗಳ (ಸುಟ್ಟ ಸಗಣಿಯ ಗುಡ್ಡೆಗಳ) ಕುರಿ ತಲೆಬುರುಡೆಗಳಲ್ಲೂ ಮೊದಲು ಹುಡುಕಬೇಕಾದದ್ದು ಆ ಎಲುಬನ್ನೇ.